ಹಳೇ ಸ್ಪೋರ್ಟ್ಸ್ ಕಾರಿನ ಅಡಿಯಲ್ಲಿ: ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಸುತ್ತ ಇವೆ: ಮಜ್ಡಾ ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಮಿಯಾಟಾ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಷೋನಲ್ಲಿ ಮೊದಲು ಕಾಣಿಸಿಕೊಂಡ, ಹೆಡ್‌ಲೈಟ್ ಮೇಲೆದ್ದು ನಿಲ್ಲುವ, ಎರಡೇ ಸೀಟಿನ ಪುಟ್ಟ ಗಾಡಿ. 1997ರವರೆಗೆ ತಯಾರಾದ ಆ ಮೊದಲ ತಲೆಮಾರಿನ ಕಾರುಗಳು ಈಗ ಅಗ್ಗವಾಗಿ ಸಿಗುವ ಕಾಲ ಮುಗಿಯುತ್ತಾ ಬಂದಿದೆ. ಅಗ್ಗವಾಗಿದ್ದಾಗ ಕೊಂಡವರೆಲ್ಲ ಈಗ ಅದರ ಅಡಿಯಲ್ಲಿ ಮಲಗಿದ್ದಾರೆ.

ಪ್ರಶ್ನೆ: ನನ್ನದು 1992ರ ಮಿಯಾಟಾ, 1.6 ಲೀಟರ್ ಎಂಜಿನ್. ರಸ್ತೆಯುಬ್ಬು ದಾಟುವಾಗ ಮುಂದುಗಡೆ ಎಡಕ್ಕೆ 'ಟಕ್' ಅಂತ ಸದ್ದು ಬರುತ್ತದೆ. ಟೈರ್ ಅಂಗಡಿಯವರು ನಾಲ್ಕೂ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಗೆಳೆಯರು ಎತ್ತರ ಏರಿಳಿಸಬಹುದಾದ ಕಾಯಿಲ್‌ಓವರ್ ಕಿಟ್ ಹಾಕು, ಜೊತೆಗೇ ಪಾಲಿಯುರೆಥೇನ್ ಬುಷ್ ಸೆಟ್ಟನ್ನೂ ಹಾಕಿಬಿಡು ಅನ್ನುತ್ತಾರೆ. ಯಾರ ಮಾತು ಕೇಳಲಿ? ಈ ಕೆಲಸ ಮನೆಯಲ್ಲೇ ಮಾಡಬಹುದೇ?
— ಹಾಸನ ಮೂಲದ ಓದುಗರು, ಸನಿವೇಲ್, ಕ್ಯಾಲಿಫೋರ್ನಿಯಾ

ಉತ್ತರ: ಸದ್ಯಕ್ಕೆ ಯಾರ ಮಾತೂ ಬೇಡ, ಕಾರ್ಡನ್ನು ಪರ್ಸಿನಲ್ಲೇ ಇಡಿ. ಟೈರ್ ಅಂಗಡಿಯವರಾಗಲಿ ನಿಮ್ಮ ಗೆಳೆಯರಾಗಲಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಿಯೇ ಇಲ್ಲ. ಸದ್ದಿನ ಮೂಲ ಗೊತ್ತಿಲ್ಲದೆ ಸಾವಿರಾರು ಡಾಲರ್ ಪಾರ್ಟ್ಸ್ ಹಾಕಿ, ಕೊನೆಗೆ ಅದೇ 'ಟಕ್' ಕೇಳಿಸಿಕೊಂಡು ಬಂದವರನ್ನು ನಾನು ಎಷ್ಟೋ ನೋಡಿದ್ದೇನೆ.

ಮೊದಲು ಪುಕ್ಕಟೆ ಪರೀಕ್ಷೆ. ಮುಂದಿನ ಆ್ಯಂಟಿ-ರೋಲ್ ಬಾರ್‌ನ ಎರಡೂ ಬದಿಯ ಲಿಂಕ್ ಕಳಚಿ. ನಮ್ಮ ಗ್ಯಾರೇಜುಗಳಲ್ಲಿ ಜಂಪಿಂಗ್ ರಾಡ್ ಅನ್ನುವುದು ಇದನ್ನೇ. ಬಾರ್ ಎಲ್ಲಿಗೂ ತಗಲದ ಹಾಗೆ ಕಟ್ಟಿ, ನಿಮ್ಮ ಬೀದಿಯಲ್ಲೇ ನಿಧಾನಕ್ಕೆ ಅದೇ ಉಬ್ಬಿನ ಮೇಲೆ ಹೋಗಿ ಬನ್ನಿ. ಸದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ. ಎರಡು ಲಿಂಕ್ ಮತ್ತು ಬಾರ್ ಹಿಡಿದಿರುವ ಎರಡು ರಬ್ಬರ್ ಬದಲಿಸಿದರೆ ಮುಗಿಯಿತು. ಈ ಕಾರುಗಳಲ್ಲಿ ಹತ್ತಕ್ಕೆ ಐದಾರು ಸಲ ಉತ್ತರ ಇಲ್ಲೇ ಇರುತ್ತದೆ ಎನ್ನುವುದು ನನ್ನ ಅಂದಾಜು.

ನಿಲ್ಲಲಿಲ್ಲವೋ, ಬಾಲ್ ಜಾಯಿಂಟ್ ನೋಡಿ. ಮಿಯಾಟಾದಲ್ಲಿ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್. ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮ್ ಮೇಲೆ, ಹಾಗಾಗಿ ಕಾರಿನ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಚಾಸಿಗೆ ಜಾಕಿ ಕೊಟ್ಟು ಚಕ್ರ ನೇತಾಡಿಸಿದರೆ ಸ್ಪ್ರಿಂಗ್ ಆ ಜಾಯಿಂಟನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ, ಸವೆದಿದ್ದರೂ ಪ್ಲೇ ಕಾಣುವುದಿಲ್ಲ. ಕೆಳಗಿನ ಆರ್ಮ್‌ನ ತುದಿಗೆ ಜಾಕಿ ಕೊಟ್ಟು ಚಕ್ರವನ್ನು ನೆಲದಿಂದ ಬೆರಳಗಲ ಎತ್ತಿ, ಟೈರಿನ ಕೆಳಗೆ ಸಬ್ಬಲ್ ತೂರಿಸಿ ಮೀಟಿ. ಆಮೇಲೆ ಗಡಿಯಾರದ 12 ಮತ್ತು 6 ಇರುವ ಜಾಗ ಹಿಡಿದು ಚಕ್ರ ಅಲ್ಲಾಡಿಸಿ, ಇನ್ನೊಂದು ಕೈ ಜಾಯಿಂಟಿನ ಮೇಲಿರಲಿ. ಸದ್ದಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. 9 ಮತ್ತು 3ರಲ್ಲಿ ಮಾತ್ರ ಆಡಿದರೆ ಟೈ ರಾಡ್ ಎಂಡ್. ಕೆಳಗಿನ ಬಾಲ್ ಜಾಯಿಂಟ್ ಬೋಲ್ಟ್ ಬಿಚ್ಚಿದರೆ ಬೇರೆಯಾಗಿ ಬರುತ್ತದೆ. ಮೇಲಿನದನ್ನು ಕಂಪನಿ ಆರ್ಮ್ ಜೊತೆಗೇ ಸೇರಿಸಿ ಕೊಟ್ಟಿದೆ, ಖರ್ಚು ಲೆಕ್ಕ ಹಾಕುವಾಗ ಇದು ನೆನಪಿರಲಿ.

ಶಾಕ್ ಅಬ್ಸಾರ್ಬರ್ ವಿಷಯ. ಬಾನೆಟ್ ಒತ್ತಿ ಬಿಟ್ಟು ಕಾರು ಎಷ್ಟು ಸಲ ಕುಣಿಯಿತು ಎಂದು ನೋಡುವ ಪದ್ಧತಿಯಿಂದ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರೆಜೀವದ್ದು ಪಾಸಾಗುತ್ತದೆ. ಮೈಯೆಲ್ಲ ಎಣ್ಣೆ ಜಿನುಗಿದೆಯೇ, ಬಂಪ್ ಸ್ಟಾಪ್ ಎಂಬ ತುದಿಯ ಮೆತ್ತೆ ಪುಡಿಪುಡಿ ಆಗಿದೆಯೇ ನೋಡಿ. ಈ ಕಾರಿನಲ್ಲಿ ಚಕ್ರ ಮೇಲೇಳುವುದಕ್ಕೆ ಇರುವ ಜಾಗವೇ ಕಡಿಮೆ. ಆ ಮೆತ್ತೆ ತುರ್ತಿಗೆ ಇಟ್ಟದ್ದಲ್ಲ, ಸಸ್ಪೆನ್ಶನ್ನಿನ ದಿನನಿತ್ಯದ ಕೆಲಸಗಾರ. ಅದು ಹೋಗಿದ್ದರೂ 'ಟಕ್' ಬರುತ್ತದೆ. ಬದಲಿಸುವುದಾದರೆ ಶಾಕ್, ಬಂಪ್ ಸ್ಟಾಪ್, ಮೇಲಿನ ಮೌಂಟಿನ ರಬ್ಬರ್ ಮೂರನ್ನೂ ಒಟ್ಟಿಗೆ ಬದಲಿಸಿ.

ಕಾಯಿಲ್‌ಓವರ್ ಕಿಟ್ ಬೇಡ ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ಅಗ್ಗದ ಕಿಟ್‌ಗಳಲ್ಲಿ ಗಟ್ಟಿ ಸ್ಪ್ರಿಂಗಿಗೆ ತಕ್ಕ ಡ್ಯಾಂಪಿಂಗ್ ಇರುವುದಿಲ್ಲ, ಕಾರು ಜಿಗಿಯುತ್ತದೆ. ದುಬಾರಿ ಕಿಟ್ ಚೆನ್ನಾಗಿರುತ್ತದೆ, ಆದರೆ ಆ ದುಡ್ಡಿಗೆ ನಿಮ್ಮ ಕಾರಿನ ಅಡಿಯ ಅಷ್ಟೂ ರಬ್ಬರ್ ಹೊಸದಾಗುತ್ತದೆ. ಒಂದು ಟನ್ನೂ ತೂಗದ ಕಾರಿದು. ಅದರ ಸೊಗಸು ಇರುವುದು ಚಕ್ರ ರಸ್ತೆಯನ್ನು ಹಿಂಬಾಲಿಸುವ ರೀತಿಯಲ್ಲಿ, ಬಿಗಿತದಲ್ಲಲ್ಲ. ಪಾಲಿಯುರೆಥೇನ್ ಬಗ್ಗೆ ಮುಂದೆ ಇನ್ನೊಬ್ಬರು ಜಗಳವಾಡಿದ್ದಾರೆ, ಅಲ್ಲಿ ಓದಿ.

ಮನೆಯಲ್ಲಿ ಮಾಡಬಹುದು. ಎರಡು ಗಟ್ಟಿ ಆ್ಯಕ್ಸಲ್ ಸ್ಟ್ಯಾಂಡ್ ಇಲ್ಲದೆ, ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ. ಶಾಕ್ ಕಳಚುವಾಗ ಬಾನೆಟ್ಟಿನೊಳಗೆ ಮೇಲ್ಗಡೆ ಕಾಣುವ ಎರಡು ಹೊರಗಿನ ನಟ್ ಬಿಚ್ಚಿ. ನಟ್ಟನಡುವಿನ ನಟ್ಟನ್ನು ಕಾರಿನಲ್ಲಿದ್ದಾಗ ಮುಟ್ಟಲೇ ಕೂಡದು. ಸಂಕುಚಿಸಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಹೊರತೆಗೆದ ಮೇಲೆ ಸ್ಪ್ರಿಂಗ್ ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಕೈಪಾನಾದಿಂದ ತಿರುಗಿಸಿ. ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗಿನ ತುದಿ ನಿಮ್ಮ ಮುಖದ ಕಡೆಗಾಗಲಿ, ಕಾರು ನೋಡಲು ಬಂದ ಮಗುವಿನ ಕಡೆಗಾಗಲಿ ತಿರುಗಿರದಿರಲಿ.

ಪ್ರಶ್ನೆ: ನನ್ನ ಮಿಯಾಟಾಕ್ಕೆ ಎಲ್ಲ ಹೊಸ ರಬ್ಬರ್ ಬುಷ್ ಹಾಕಿಸಿದೆ. ಮೂರೇ ತಿಂಗಳಿಗೆ ಎರಡು ಬುಷ್ ಹರಿದಿವೆ. ಹಾಕಿಸಿದ ದಿನದಿಂದಲೇ ಕಾರು ಮೊದಲಿಗಿಂತ ಎತ್ತರ ನಿಂತ ಹಾಗಿದೆ. ಮಾರಿದವರು ಫಿಟ್ಟಿಂಗ್ ತಪ್ಪು ಅಂತಾರೆ, ಫಿಟ್ ಮಾಡಿದವರು ಮಾಲು ಕಳಪೆ ಅಂತಾರೆ.
— ಓದುಗರು, ಡಲ್ಲಾಸ್, ಟೆಕ್ಸಸ್

ಉತ್ತರ: ಎತ್ತರ ನಿಂತಿದೆ ಎಂಬ ಒಂದು ಮಾತಲ್ಲೇ ತೀರ್ಪು ಇದೆ. ಮಾರಿದವರು ಹೇಳಿದ್ದು ಸರಿ.

ಕಂಪನಿಯ ರಬ್ಬರ್ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ರಬ್ಬರ್ ಇರುತ್ತದೆ. ರಬ್ಬರ್ ಎರಡಕ್ಕೂ ಅಂಟಿಕೊಂಡೇ ತಯಾರಾಗಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಅಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತದೆ. ಬೋಲ್ಟ್ ಬಿಗಿದ ಕ್ಷಣ ಒಳಗಿನ ಕೊಳವೆ ಸಬ್‌ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಆಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಕೋನ, ಮುಂದೆ ಪ್ರತಿ ಸಲವೂ ಅಲ್ಲಿಗೇ ಮರಳಲು ಎಳೆಯುತ್ತದೆ.

ನಿಮ್ಮ ಗ್ಯಾರೇಜಿನವರು ಲಿಫ್ಟ್ ಮೇಲೆ ಕಾರಿಟ್ಟು, ಚಕ್ರಗಳು ಕೆಳಕ್ಕೆ ಜೋತಾಡುತ್ತಿದ್ದಾಗಲೇ ಎಲ್ಲ ಬೋಲ್ಟನ್ನೂ ಪೂರ್ತಿ ಬಿಗಿದಿದ್ದಾರೆ. ಕಾರು ನೆಲಕ್ಕಿಳಿದಾಗ ಆರ್ಮ್‌ಗಳು ಮೇಲೆದ್ದವು, ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ನಿಂತ ಕಾರಿನಲ್ಲೂ ಅದಕ್ಕೆ ಬಿಡುವಿಲ್ಲ. ಆ ತಿರುಚಿನ ಬಲವೇ ಕಾರನ್ನು ಮೇಲಕ್ಕೆ ಎತ್ತಿ ಹಿಡಿದಿದೆ. ದೊಡ್ಡ ಗುಂಡಿಯೊಂದು ಬಂದಾಗ ಇನ್ನಷ್ಟು ತಿರುಚಿ ಹರಿಯಿತು.

ಹರಿದ ಎರಡನ್ನು ಬದಲಿಸಿ. ಉಳಿದವನ್ನು ಬಿಚ್ಚಿ ತೆಗೆಯಬೇಕಿಲ್ಲ, ಬರೀ ಸಡಿಲ ಮಾಡಿ ಸರಿಯಾದ ಎತ್ತರದಲ್ಲಿ ಮತ್ತೆ ಬಿಗಿದರೆ ಸಾಕು, ಹರಿಯದಿದ್ದರೆ ಬದುಕುತ್ತವೆ. ಕೆಲಸ ಶುರುವಿಗೆ ಮುಂಚೆ ಕಾರು ಸಮನೆಲದಲ್ಲಿರುವಾಗ ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆದು, ನಾಲ್ಕೂ ಕಡೆಯದನ್ನು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಲ್ಲಲ್ಲೇ ಅಂಟಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ನಿಮ್ಮ ಕಾರಿನ ಈಗಿನ ಎತ್ತರವೇ ಸುಳ್ಳು. ಆದ್ದರಿಂದ ಮೊದಲು ಎಲ್ಲ ಬುಷ್ ಬೋಲ್ಟ್ ಸಡಿಲಿಸಿ, ಕಾರನ್ನು ಇಳಿಸಿ, ನಾಲ್ಕಾರು ಸಲ ಒತ್ತಿ ಕೂರಿಸಿ, ಆಮೇಲೆ ಅಳೆಯಿರಿ. ಸಡಿಲ ಬೋಲ್ಟಿನಲ್ಲಿ ಕಾರನ್ನು ಓಡಿಸಬೇಡಿ, ಎದುರಿನ ಗೇಟಿನವರೆಗೂ ಬೇಡ. ನಂತರ ನಾಲ್ಕೂ ಚಕ್ರ ಕೂರುವ ಡ್ರೈವ್-ಆನ್ ಲಿಫ್ಟ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಒಂದೊಂದೇ ಮೂಲೆಯಲ್ಲಿ ಕೆಳಗಿನ ಆರ್ಮ್‌ಗೆ ಜಾಕಿ ಕೊಟ್ಟು ಅಳತೆ ಸರಿಯಾಗುವವರೆಗೆ ಎತ್ತಿ, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಮೂಲೆಗೆ ಮೂಲೆ ಎತ್ತುವಾಗ ಹಗುರ ಕಾರು ಸ್ಟ್ಯಾಂಡಿನಿಂದ ಮೇಲೇಳಬಹುದು, ಅದರ ಮೇಲೆ ಒಂದು ಕಣ್ಣಿರಲಿ.

ಶಾಕ್ ಮಾತ್ರ ಬದಲಿಸಿದವರಿಗೂ ಇದು ಅನ್ವಯ. ಮುಂದಿನ ಶಾಕ್ ಹೊರತೆಗೆಯಲು ಅನೇಕರು ಮೇಲಿನ ಆರ್ಮ್‌ನ ಉದ್ದ ಬೋಲ್ಟ್ ಕಳಚುತ್ತಾರೆ. ಬುಷ್‌ಗೂ ನನಗೂ ಸಂಬಂಧವಿಲ್ಲ ಎಂದುಕೊಂಡು ಅದನ್ನು ಗಾಳಿಯಲ್ಲೇ ಬಿಗಿಯುತ್ತಾರೆ. ಶಾಕ್‌ನ ಕೆಳತುದಿಯ ಕಣ್ಣಿನಲ್ಲೂ ಇಂಥದೇ ರಬ್ಬರ್ ಇದೆ.

ಗ್ಯಾರೇಜಿನವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ವರ್ಕ್‌ಶಾಪ್ ಮ್ಯಾನುಯಲ್ಲಿನ ಸಂಬಂಧಪಟ್ಟ ಪುಟ ತೋರಿಸಿ. ಒಳ್ಳೆಯವರಾದರೆ ಪುಕ್ಕಟೆ ಸರಿಮಾಡಿಕೊಡುತ್ತಾರೆ.

ಪ್ರಶ್ನೆ: ನನ್ನ ಮಿಯಾಟಾದ ಹಿಂದಿನ ಚಕ್ರದ ಬುಷ್ ಬದಲಿಸಲು ಹೋದರೆ ಕೆಳಗಿನ ಆರ್ಮ್‌ನ ಹೊರತುದಿಯ ಉದ್ದ ಬೋಲ್ಟ್ ಬರುತ್ತಲೇ ಇಲ್ಲ. ನಟ್ ಬಂತು. ಬೋಲ್ಟ್ ಸ್ವಲ್ಪ ತಿರುಗುತ್ತದೆ, ಪಾನಾ ಬಿಟ್ಟರೆ ಮತ್ತೆ ಹಿಂದಕ್ಕೆ ಬರುತ್ತದೆ!
— ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಿನಲ್ಲಿದ್ದೀರಿ. ಈ ಬೋಲ್ಟ್ ಅದಕ್ಕೇ ಕುಖ್ಯಾತ. ನೀವು ತಿರುಗಿಸುತ್ತಿರುವುದು ಬರೀ ಬೋಲ್ಟನ್ನಲ್ಲ. ತುಕ್ಕಿನಿಂದ ಅದು ಬುಷ್‌ನ ಒಳಕೊಳವೆಯ ಜೊತೆ ಒಂದೇ ಆಗಿಬಿಟ್ಟಿದೆ, ನೀವು ತಿರುಗಿಸಿದಾಗ ರಬ್ಬರ್ ತಿರುಚುತ್ತದೆ, ಬಿಟ್ಟಾಗ ಹಿಂದಕ್ಕೆ ಎಳೆಯುತ್ತದೆ. ಹೀಗೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಹೊಡೆಯಿರಿ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ತಿರುಗಿಸಿಟ್ಟು ಸುತ್ತಿಗೆಯಿಂದ ಬಡಿದು ನೋಡಿ, ಬರೀ ಥ್ರೆಡ್ ಮೇಲೆ ಬಡಿದರೆ ಅದು ಅಣಬೆಯಾಗಿ ಅರಳಿ ಇನ್ನೂ ಕಷ್ಟ. ಗ್ಯಾಸ್ ಟಾರ್ಚಿನಿಂದ ಕಾಯಿಸಬಹುದು. ಬುಷ್ ಹೇಗೂ ಹೋಗುವುದೇ, ಸುಟ್ಟರೆ ಸುಡಲಿ. ಆದರೆ ಬ್ರೇಕ್ ಹೋಸ್ ಮತ್ತು ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಪಕ್ಕದಲ್ಲೇ ಇವೆ, ಅವಕ್ಕೆ ಒದ್ದೆ ಬಟ್ಟೆ ಸುತ್ತಿ. ಸುಟ್ಟ ರಬ್ಬರಿನ ಹೊಗೆ ಕುಡಿಯಬೇಡಿ, ಗ್ಯಾರೇಜಿನ ಬಾಗಿಲು ತೆರೆದಿರಲಿ.

ಅರ್ಧ ದಿನ ಇದರಲ್ಲಿ ಕಳೆದರೂ ಬರದಿದ್ದರೆ ಹಟ ಬೇಡ, ಕತ್ತರಿಸಿ. ಆರ್ಮ್ ಮತ್ತು ಚಕ್ರ ಹೊತ್ತಿರುವ ನಕಲ್ ನಡುವಿನ ಸಂದಿಯಲ್ಲಿ ಲೋಹ ಕೊಯ್ಯುವ ಒಳ್ಳೆಯ ಬ್ಲೇಡ್ ಹಾಕಿದ ಕರೆಂಟ್ ಗರಗಸ ಇಳಿಯುತ್ತದೆ. ಎರಡೂ ಕಡೆ ಕೊಯ್ದರೆ ಎಲ್ಲ ಬೇರೆಯಾಗುತ್ತದೆ, ಉಳಿದ ತುಂಡನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆಯಿರಿ. ಹೊಸ ಬೋಲ್ಟ್ ಕೈಗೆ ಬಂದ ಮೇಲೆ ಗರಗಸ ಹಿಡಿಯಿರಿ, ಅದಕ್ಕೂ ಮುಂಚೆ ಅಲ್ಲ. ಒಳತುದಿಯಲ್ಲಿ ಅಲೈನ್‌ಮೆಂಟಿಗೆಂದು ಇಟ್ಟ ಕ್ಯಾಮ್ ಬೋಲ್ಟ್‌ಗಳೂ ಇದೇ ರೀತಿ ಕಚ್ಚಿಕೊಂಡಿರುತ್ತವೆ, ಮೂಲೆಗೆ ಎರಡರಂತೆ ಎಂಟು. ಅವುಗಳದ್ದೂ ಬೆಲೆ ವಿಚಾರಿಸಿಟ್ಟುಕೊಳ್ಳಿ.

ಹೊಸದನ್ನು ಕೂರಿಸುವಾಗ ಬೋಲ್ಟಿನ ನುಣುಪು ಮೈಗೆ ತೆಳ್ಳಗೆ ಆ್ಯಂಟಿ-ಸೀಜ್ ಸವರಿ. ಥ್ರೆಡ್ಡಿಗೆ ಹಚ್ಚಬೇಡಿ. ಮ್ಯಾನುಯಲ್ ಒಣ ಥ್ರೆಡ್ಡಿಗೆ ಕೊಟ್ಟ ಟಾರ್ಕ್ ಜಿಡ್ಡಿನ ಥ್ರೆಡ್ಡಿಗೆ ಅತಿಯಾಗುತ್ತದೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಪಾಲಿಯುರೆಥೇನ್ ಎಂದರೆ ಸಾಕು ಮೂಗು ಮುರಿಯುತ್ತೀರಿ. ನಾನು ಟ್ರ್ಯಾಕ್ ದಿನಗಳಿಗೆ ಹೋಗುವವನು. ಪಾಲಿ ಹಾಕಿ ವರ್ಷಗಳಾದವು, ಸದ್ದಿಲ್ಲ, ಸ್ಟೀರಿಂಗ್ ಚುರುಕಾಗಿದೆ.
— ಓದುಗರು, ಸಿಡ್ನಿ

ಉತ್ತರ: ನೀವು ಗ್ರೀಸ್ ಹಚ್ಚುತ್ತೀರಿ ಎಂದು ಪತ್ರ ನೋಡಿಯೇ ಹೇಳಬಲ್ಲೆ. ಹಚ್ಚುವವರಿಗೆ ಪಾಲಿ ಒಳ್ಳೆಯದೇ.

ಪಾಲಿ ತಿರುಚಿಕೊಳ್ಳುವುದಿಲ್ಲ, ಒಳಕೊಳವೆಯ ಸುತ್ತ ಜಾರುತ್ತದೆ. ಜಾರುವ ಮೇಲ್ಮೈ ಒಣಗಿದರೆ ಹಳೇ ಮಂಚದ ಸದ್ದು, ಆಮೇಲೆ ಸವೆತ. ಕಿಟ್ ಜೊತೆ ಬರುವ ಅಂಟು ಗ್ರೀಸನ್ನೇ ಬಳಸಬೇಕು. ಡಬಲ್ ವಿಶ್‌ಬೋನ್ ಆರ್ಮ್ ಒಂದೇ ಅಕ್ಷದ ಸುತ್ತ ಆಡುವುದರಿಂದ ಮಿಯಾಟಾಕ್ಕೆ ಇದು ಒಪ್ಪುತ್ತದೆ. ಆಡುತ್ತಲೇ ಓರೆಯಾಗಿ ವಾಲಲೂ ಬೇಕಾದ ಜಾಗದಲ್ಲಿ, ಉದಾಹರಣೆಗೆ ಕೆಲವು ಕಾರುಗಳ ಟ್ರೇಲಿಂಗ್ ಲಿಂಕ್‌ನಲ್ಲಿ, ಪಾಲಿ ಬಿಗಿ ಹಿಡಿಯುತ್ತದೆ, ಬ್ರ್ಯಾಕೆಟ್ ಬಿರುಕು ಬಿಡಬಹುದು. ಅಲ್ಲಿ ರಬ್ಬರೇ ಬೇಕು.

ಆಫೀಸಿಗೆ ಹೋಗಿಬರಲು, ಭಾನುವಾರ ಹೆಂಡತಿಯ ಜೊತೆ ಬೆಟ್ಟದ ರಸ್ತೆಗೆ ಹೋಗಲು ಕಾರಿಟ್ಟವರಿಗೆ ನನ್ನ ಸಲಹೆ ಈಗಲೂ ರಬ್ಬರ್. ಗ್ರೀಸ್ ಗನ್ ಕೊಂಡುಕೊಂಡವರೆಲ್ಲ ಅದನ್ನು ಬಳಸುವುದಿಲ್ಲ.

ಪ್ರಶ್ನೆ: ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸಬಹುದೇ?
— ಓದುಗರು, ದುಬೈ

ಉತ್ತರ: ಬೇಡ. ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಆದರೆ ಕಾರು ತಗ್ಗಿದ ಲೆಕ್ಕಕ್ಕೆ ಸಾಕಾಗುವಷ್ಟು ಅಲ್ಲ. ಇಡೀ ದಿನ ಬಂಪ್ ಸ್ಟಾಪ್ ಮೇಲೇ ಓಡುತ್ತೀರಿ. ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗ್ ತನ್ನ ಕೂರುವ ಜಾಗದಿಂದ ಸಡಿಲವಾಗಿ ಸರಿಯಲೂಬಹುದು.

ಪ್ರಶ್ನೆ: ನನ್ನ 1976ರ ಎಂಜಿಬಿ ಜಿಟಿ ಮೂಲೆ ತಿರುಗುವಾಗ ದೋಣಿಯಂತೆ ವಾಲುತ್ತದೆ. ಮುಂದಿನ ಲಿವರ್ ಆರ್ಮ್ ಡ್ಯಾಂಪರ್ ಎಣ್ಣೆ ಜಿನುಗುತ್ತಿದೆ. ಇವನ್ನು ಕಿತ್ತು ಈಗಿನ ಟೆಲಿಸ್ಕೋಪಿಕ್ ಶಾಕ್ ಹಾಕಿಸಲೇ? ಕಿಂಗ್‌ಪಿನ್ ಕೂಡ ಬಿಗಿಯಾಗಿದೆ.
— ಧಾರವಾಡ ಮೂಲದ ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಆ ಕಾರು ಹುಟ್ಟಿದ ಅಬಿಂಗ್ಡನ್ ನಿಮ್ಮ ಊರಿಗೆ ಹತ್ತಿರವೇ. ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು, ಬಿಡಿಭಾಗಗಳಿಗೆ ಬ್ರಿಟನ್ನಿನಲ್ಲಿ ಬರವಿಲ್ಲ. ಬರ ಇರುವುದು ಗುಣಮಟ್ಟಕ್ಕೆ.

ಈ ಕಾರಿನ ಮುಂದಿನ ಡ್ಯಾಂಪರ್ ಬರೀ ಡ್ಯಾಂಪರ್ ಅಲ್ಲ, ಅದರ ತೋಳೇ ಮೇಲಿನ ವಿಶ್‌ಬೋನ್. ಹಾಗಾಗಿ ಕೆಲವು ಟೆಲಿಸ್ಕೋಪಿಕ್ ಕಿಟ್‌ಗಳಲ್ಲೂ ಹಳೆಯದು ಅಲ್ಲೇ ಉಳಿಯುತ್ತದೆ, ಒಳಗಿನ ಕವಾಟ ತೆಗೆದು ಬರೀ ಕೀಲಾಗಿ ದುಡಿಸಿಕೊಳ್ಳುತ್ತಾರೆ. ಸವೆದ ಕೀಲು ಹಾಗೇ ಇರುವಾಗ ಹೊಸ ಶಾಕ್‌ನಿಂದ ಏನು ಬಂತು? ರೀಕಂಡೀಷನ್ ಮಾಡಿದ ಜೋಡಿ ಹಾಕಿಸಿ. ಅಂಗಡಿಯ ಮೇಜಿನ ಮೇಲೇ ಪರೀಕ್ಷಿಸಿ: ತೋಳು ಪಕ್ಕಕ್ಕೆ ಅಲ್ಲಾಡಬಾರದು, ಮೇಲಿಂದ ಕೆಳಗಿನವರೆಗೆ ಒತ್ತಿದಾಗ ಒಂದೇ ಸಮ ಬಿಗಿ ಇರಬೇಕು, ಎಲ್ಲೂ ಟೊಳ್ಳು ಸಿಗಬಾರದು. ಬರೀ ಸೀಲ್ ಬದಲಿಸಿ, ಶಾಫ್ಟಿನ ಬೇರಿಂಗ್ ಮುಟ್ಟದೆ, ಬಣ್ಣ ಬಳಿದು ಮಾರುವುದೂ ಉಂಟು. ಅದು ಬೇಗ ಮತ್ತೆ ಜಿನುಗುತ್ತದೆ.

ವಾಲುವುದಕ್ಕೆ ಕಾರಣ ಬೇರೆ. 1974ರ ಕೊನೆಯಲ್ಲಿ ಅಮೆರಿಕದ ಬಂಪರ್ ನಿಯಮಕ್ಕಾಗಿ ಕಪ್ಪು ಬಂಪರ್ ಬಂದಾಗ ಕಾರನ್ನೇ ಎತ್ತರಿಸಿದರು. ಜೊತೆಗೆ ಕೆಲ ಕಾಲ ಮುಂದಿನ ಆ್ಯಂಟಿ-ರೋಲ್ ಬಾರ್ ಇಲ್ಲದೆಯೂ ಮಾರಿದರು. ನಿಮ್ಮದರಲ್ಲಿ ಬಾರ್ ಇದೆಯೇ ಎಂದು ಬಗ್ಗಿ ನೋಡಿ. ಸ್ಪ್ರಿಂಗ್ ತರಿಸುವಾಗಲೂ ಕ್ರೋಮ್ ಬಂಪರ್ ಕಾರಿನದೋ ರಬ್ಬರ್ ಬಂಪರ್ ಕಾರಿನದೋ, ಜಿಟಿಯದೋ ತೆರೆದ ಕಾರಿನದೋ ಎಂದು ಸ್ಪಷ್ಟವಾಗಿ ಹೇಳಿ. ಕೆಳಗಿನ ಆರ್ಮ್‌ಗೆ 1973–76ರ ಎಂಜಿಬಿ ಜಿಟಿ ವಿ8 ಕಾರಿನ, ಲೋಹದ ಕೊಳವೆಯಿರುವ ಬುಷ್ ಹಾಕಿಸಿ. ಕಂಪನಿಯದೇ ವಿನ್ಯಾಸ, ಬಾಳಿಕೆಯೂ ಜಾಸ್ತಿ. ಡಲ್ಲಾಸಿನವರಿಗೆ ಹೇಳಿದ ನಿಯಮ ಇದಕ್ಕೂ ಇದೆ.

ಸ್ಪ್ರಿಂಗ್ ತಟ್ಟೆ ಇಳಿಸುವಾಗ ಎದುರುಬದುರಿನ ಎರಡು ಬೋಲ್ಟ್ ತೆಗೆದು ಉದ್ದನೆಯ ಥ್ರೆಡ್ ರಾಡ್ ಹಾಕಿ, ಅಡಿಗೆ ಜಾಕಿ ಇಟ್ಟು, ಒಂದೊಂದೇ ಸುತ್ತು ಇಳಿಸಿ. ಕಿಂಗ್‌ಪಿನ್ನಿಗೆ ಒಂದೊಂದು ಬದಿ ಮೂರು ಗ್ರೀಸ್ ನಿಪ್ಪಲ್ ಇವೆ, 3,000 ಮೈಲಿಗೊಮ್ಮೆ ಗ್ರೀಸ್ ಕೇಳುತ್ತವೆ. ಚಕ್ರ ನೆಲ ಬಿಟ್ಟಿರುವಾಗ ಗ್ರೀಸ್ ಹೊಡೆಯಿರಿ, ಭಾರ ಇದ್ದರೆ ಒತ್ತುವ ಕಡೆಗೆ ಗ್ರೀಸ್ ಹೋಗುವುದಿಲ್ಲ. ಹಾಗೆ ಮಾಡಿಯೂ ಬಿಗಿ ಬಿಡದಿದ್ದರೆ ಮಾತ್ರ ಕಿಂಗ್‌ಪಿನ್ ಬಿಚ್ಚುವ ಮಾತು.

ಇನ್ನೊಂದು: ಇದು ಇಂಚಿನ ಕಾರು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, 13ರ ಪಾನಾ ಕೂರುತ್ತದೆ, ತುಕ್ಕು ಹಿಡಿದ ನಟ್ಟಿನ ಮೂಲೆಯನ್ನು ಸವೆಸಿಯೂ ಬಿಡುತ್ತದೆ. ಎಎಫ್ ಅಳತೆಯ ಪಾನಾ ಸೆಟ್ ಕೊಳ್ಳಿ.

ಪ್ರಶ್ನೆ: ಅಜ್ಜನ ಕಾಲದ ಎಂಜಿ ಟಿಡಿ ನಮ್ಮ ತೋಟದ ಶೆಡ್ಡಿನಲ್ಲಿದೆ. ಮುಂದಿನ ಬುಷ್‌ಗಳು ಗಟ್ಟಿಯಾಗಿ ಬಿರಿದಿವೆ. ವಿದೇಶದಿಂದ ತರಿಸುವ ಬದಲು ಬೆಂಗಳೂರಿನಲ್ಲೇ ಮಾಡಿಸಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಮಾಡಿಸಬಹುದು, ಆದರೆ 'ಇದೇ ಥರ ಒಂದು ಮಾಡಿಕೊಡಿ' ಎಂದು ಹಳೆಯದನ್ನು ಕೈಗೆ ಕೊಟ್ಟು ಬರಬೇಡಿ. ಅದು ಒಣಗಿ ಕಲ್ಲಾಗಿದೆ, ಅವರು ಕಲ್ಲಿನಷ್ಟೇ ಗಟ್ಟಿಯಾದದ್ದನ್ನು ಮಾಡಿಕೊಡುತ್ತಾರೆ. ರಬ್ಬರಿನ ಗಡಸುತನಕ್ಕೆ ಶೋರ್-ಎ ಎಂಬ ಅಳತೆಯಿದೆ. ಇಂಥ ಬುಷ್‌ಗೆ 60–70ರ ಆಸುಪಾಸು ಕೇಳಿ. ಮೋಲ್ಡ್ ಮಾಡುವವರ ಹತ್ತಿರ ಅಳೆಯುವ ಪುಟ್ಟ ಮೀಟರ್ ಇರುತ್ತದೆ, ನಿಮ್ಮ ಎದುರೇ ಒತ್ತಿ ತೋರಿಸಲು ಹೇಳಿ. ಒಳಕೊಳವೆಯನ್ನು ಲೇತಿನಲ್ಲಿ ತಿರುವಿಸುವುದಾದರೆ ಉದ್ದ ಮುಖ್ಯ. ಅದು ಒಂದು ಕೂದಲಷ್ಟು ಗಿಡ್ಡವಾದರೂ ಬೋಲ್ಟ್ ಬಿಗಿದಾಗ ಕೊಳವೆಯ ಬದಲು ರಬ್ಬರನ್ನೇ ಅಮುಕುತ್ತದೆ.

ಕೀಲಿನ ಪಿನ್ ಸವೆದಿದ್ದರೆ, ಮೆದು ಕಬ್ಬಿಣದಲ್ಲಿ ಲೇತ್ ಮಾಡಿಸಿದ ಪಿನ್ ಹಾಕಬೇಡಿ. ಆ ಒಂದು ಭಾಗವನ್ನು ವಿದೇಶದಿಂದಲೇ ತರಿಸಿ. ಹಗುರ ಸಾಮಾನು, ಅಂಚೆ ವೆಚ್ಚ ಹೆಚ್ಚಾಗದು. 1950ರಲ್ಲಿ ಬಂದ ಟಿಡಿ ಮಾದರಿ ಅದರ ಹಿಂದಿನ ಟಿಸಿಯ ಹಾಗೆ ಒಂದೇ ಗಟ್ಟಿ ಆ್ಯಕ್ಸಲ್ ಹೊತ್ತ ಕಾರಲ್ಲ, ಮುಂದಿನ ಚಕ್ರಗಳಿಗೆ ಬೇರೆಬೇರೆ ಕಾಯಿಲ್ ಸ್ಪ್ರಿಂಗ್ ಇದೆ. ನಂತರದ ಎಂಜಿಬಿಯದು ಇದೇ ವಂಶ. ಆದ್ದರಿಂದ ರೆಡಿಂಗಿನವರಿಗೆ ಹೇಳಿದ ಲಿವರ್ ಆರ್ಮ್ ಪರೀಕ್ಷೆಯನ್ನು ನೀವೂ ಮಾಡಿ. ಎಣ್ಣೆ ತುಂಬುವ ಮುಚ್ಚಳದ ಸುತ್ತ ದಶಕಗಳ ಮಣ್ಣು ಕೂತಿರುತ್ತದೆ, ಮುಚ್ಚಳ ತೆಗೆಯುವ ಮೊದಲು ಬ್ರಷ್ ಹಾಕಿ ಒರೆಸಿ. ಒಳಗೆ ಬಿದ್ದ ಮರಳು ಒಳಗೇ ಉಳಿಯುತ್ತದೆ.

ಬುಷ್‌ನ ಹೊರವ್ಯಾಸ, ಒಳವ್ಯಾಸ, ಉದ್ದ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದು ಕಳಿಸಿ. ಅದು ಕೂರುವ ಆರ್ಮ್‌ನ ತೂತಿನ ಅಳತೆಯೂ ಇರಲಿ, ಅದೂ ಸವೆದು ಅಂಡಾಕಾರವಾಗಿದ್ದರೆ ಬುಷ್ ಮಾಡಿಸುವ ಮೊದಲು ಆರ್ಮ್ ಸರಿಮಾಡಿಸಬೇಕಾಗುತ್ತದೆ.